ರೂಟ್ ಮಾಡಿದ ಪೊಕೊ ಎಫ್1ಗೆ ಯಾವ ಕಸ್ಟಮ್ ರಾಮ್ ಹಾಕಲಿ? ವೈಫೈ ಕಾಲಿಂಗ್ ಬೇಕೇ ಬೇಕು

ಅಡಿಕೆತೋಟ_ಸಾಗರ

ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ ಪೊಕೊ ಎಫ್1 ಇದೆ. 6 ಜಿಬಿ ರ‍್ಯಾಮ್, 128 ಜಿಬಿ ಸ್ಟೋರೇಜ್. 2018ರಲ್ಲಿ ಬಂದ ಮಾಡೆಲ್, ಹಳೇದಾಯ್ತು ನಿಜ. ಆದರೆ ಸ್ನ್ಯಾಪ್‌ಡ್ರ್ಯಾಗನ್ 845 ಪ್ರೊಸೆಸರ್ ಈಗಲೂ ನನ್ನ ಕೆಲಸಕ್ಕೆ ಸಾಕು. ಹೋದ ವರ್ಷ ಬ್ಯಾಟರಿ ಬದಲಿಸಿದೆ, ಬೆಳಿಗ್ಗೆ ಚಾರ್ಜ್ ಮಾಡಿದರೆ ರಾತ್ರಿವರೆಗೆ ಬರುತ್ತದೆ. ಇಷ್ಟು ಚೆನ್ನಾಗಿರುವ ಫೋನ್ ಬಿಸಾಡೋಕೆ ಮನಸ್ಸು ಬರುತ್ತಿಲ್ಲ.

ಬೂಟ್‌ಲೋಡರ್ (ಫೋನ್ ಆನ್ ಆದಾಗ ಸಿಸ್ಟಂ ಎಬ್ಬಿಸುವ ಪ್ರೋಗ್ರಾಂ) ಎರಡು ವರ್ಷದ ಹಿಂದೆಯೇ ಅನ್‌ಲಾಕ್ ಮಾಡಿದ್ದೇನೆ. ಕಂಪನಿಯದೇ ಸಿಸ್ಟಂ ಆದ ಎಂಐಯುಐ 12, ಆಂಡ್ರಾಯ್ಡ್ 10 ಮೇಲೆಯೇ ಮ್ಯಾಜಿಸ್ಕ್ ಅನ್ನೋ ಟೂಲ್ ಹಾಕಿ ರೂಟ್ ಮಾಡಿಕೊಂಡಿದ್ದೇನೆ, ಅಂದರೆ ಸಿಸ್ಟಂ ಮೇಲೆ ಪೂರ್ತಿ ಹಿಡಿತ ಪಡೆದಿದ್ದೇನೆ. ಈ ಫೋನಿಗೆ ಕಂಪನಿ ಕಡೆಯಿಂದ ಆಂಡ್ರಾಯ್ಡ್ 10ಕ್ಕಿಂತ ಮುಂದೆ ಬಂದಿಲ್ಲ, ಸೆಕ್ಯುರಿಟಿ ಪ್ಯಾಚ್ ಕೂಡ ಅಲ್ಲೇ ನಿಂತಿದೆ. ಅದಕ್ಕೇ ಈಗ ಕಸ್ಟಮ್ ರಾಮ್‌ಗೆ (ಕಂಪನಿಯದ್ದಲ್ಲದ, ಬೇರೆಯವರು ಕಟ್ಟಿದ ಆಂಡ್ರಾಯ್ಡ್‌ಗೆ) ಹೋಗಬೇಕು ಅಂತ ಗಟ್ಟಿ ಮನಸ್ಸು ಮಾಡಿದ್ದೇನೆ. ಆದರೆ ಯಾವುದು ಅಂತ ಗೊತ್ತಾಗುತ್ತಿಲ್ಲ. ಲಿನಿಯೇಜ್ ಓಎಸ್, ಸಿಆರ್‌ಡ್ರಾಯ್ಡ್, ಎವಲ್ಯೂಷನ್ ಎಕ್ಸ್, ಹೀಗೆ ಹತ್ತು ಹೆಸರು ಓದಿದೆ. ಟೆಲಿಗ್ರಾಂ ಗ್ರೂಪ್ ಒಂದರಲ್ಲಿ ಯಾರೋ ಹೊಸ ಗೇಮಿಂಗ್ ರಾಮ್ ಹಾಕಿದ್ದಾರೆ, ಬ್ಯಾಟರಿ ಎರಡು ದಿನ ಬರುತ್ತದೆ ಅಂತ ಬರೆದಿದ್ದಾರೆ.

ನನ್ನ ಪರಿಸ್ಥಿತಿ ಹೇಳಿಬಿಡುತ್ತೇನೆ. ಮನೆ ಸಾಗರದಿಂದ ಒಳಗೆ, ತೋಟದ ಮಧ್ಯೆ. ಅಂಗಳದಲ್ಲಿ ನಿಂತರೆ ಒಂದು ಕಡ್ಡಿ ಸಿಗ್ನಲ್, ಒಳಗೆ ಬಂದರೆ ಅದೂ ಇಲ್ಲ. ಫೈಬರ್ ಇಂಟರ್ನೆಟ್ ಇದೆ, ಅದರ ಮೇಲೆ ವೈಫೈ ಕಾಲಿಂಗ್‌ನಲ್ಲೇ ಮನೆ ನಡೆಯುತ್ತಿದೆ. ಮಳೆಗಾಲದಲ್ಲಂತೂ ಅದೊಂದೇ ದಾರಿ. ಸಿಮ್ ಜಿಯೋ. ಇದಲ್ಲದೆ ಯುಪಿಐ ಬೇಕು, ಮಂಡಿಯವರು ದುಡ್ಡು ಹಾಕುವ ಬ್ಯಾಂಕ್ ಆ್ಯಪ್ ಬೇಕು. ಗೇಮ್ ಆಡೋದಿಲ್ಲ.

ರೂಟ್ ಯಾಕೆ ಅಂದರೆ, ಜಾಹೀರಾತು ತಡೆಯೋಕೆ ಆ್ಯಡ್‌ಅವೇ, ಚಾರ್ಜ್ 80ಕ್ಕೆ ನಿಲ್ಲಿಸೋಕೆ ಒಂದು ಮಾಡ್ಯೂಲ್, ಬೇಡದ ಆ್ಯಪ್ ತೆಗೆಯೋದು, ಆಮೇಲೆ ಆ್ಯಪ್ ಡೇಟಾ ಸಮೇತ ಬ್ಯಾಕಪ್. ಇನ್ನು ಎರಡು ವರ್ಷ ಈ ಫೋನ್ ಓಡಬೇಕು. ಅನುಭವ ಇದ್ದವರು ದಯವಿಟ್ಟು ಹೇಳಿ.

ಫ್ಲ್ಯಾಶ್_ಬೆಂಗಳೂರು

ಎವಲ್ಯೂಷನ್ ಎಕ್ಸ್ ಹಾಕು ಗುರು. ಗೂಗಲ್ ಆ್ಯಪ್‌ಗಳು ಅದರೊಳಗೇ ಬರುತ್ತವೆ, ಬೇರೆ ಗ್ಯಾಪ್ಸ್ (ಗೂಗಲ್ ಆ್ಯಪ್‌ಗಳ ಕಟ್ಟು) ಹುಡುಕೋ ತಲೆನೋವಿಲ್ಲ. ಪಿಕ್ಸೆಲ್ ಫೋನ್ ಥರಾನೇ ಕಾಣುತ್ತದೆ, ಮೇಲೆ ಲಾಕ್‌ಸ್ಕ್ರೀನ್, ಸ್ಟೇಟಸ್ ಬಾರ್, ಐಕಾನ್ ಎಲ್ಲ ನಮಗೆ ಬೇಕಾದ ಹಾಗೆ ಮಾಡಿಕೊಳ್ಳಬಹುದು. ನಾನು ಮೂರು ಫೋನ್‌ಗಳಲ್ಲಿ ಹಾಕಿದ್ದೇನೆ, ಖುಷಿಯಾಗಿದ್ದೇನೆ. ಬ್ಯಾಂಕ್ ಆ್ಯಪ್ ತಕರಾರು ಮಾಡಿದರೆ ಮ್ಯಾಜಿಸ್ಕ್‌ನಲ್ಲಿ ಆಯ್ದ ಆ್ಯಪ್‌ಗಳಿಂದ ರೂಟ್ ದೂರ ಇಡೋ ಡಿನೈಲಿಸ್ಟ್ ಇದೆಯಲ್ಲ, ಅದರ ಜೊತೆ ಗೂಗಲ್‌ನ ಭದ್ರತಾ ಪರೀಕ್ಷೆ ದಾಟಿಸೋ ಇಂಟೆಗ್ರಿಟಿ ಮಾಡ್ಯೂಲ್ ಒಂದು ಹಾಕಿದರೆ ಆಯಿತು.

ಬೆರಿಲಿಯಂ_ಹುಬ್ಬಳ್ಳಿ

ಸಾಗರದವರೇ, ನಾನೂ ಇದೇ ಫೋನ್ ಬಳಸುತ್ತಿದ್ದೇನೆ. ಎಫ್1ರ ಕೋಡ್‌ನೇಮ್ ಬೆರಿಲಿಯಂ, ನನ್ನ ಹೆಸರು ಅಲ್ಲಿಂದಲೇ ಬಂದದ್ದು. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಮೊದಲು ಒಂದು ಗೊಂದಲ ತೆಗೆದುಬಿಡೋಣ. ಕಸ್ಟಮ್ ರಾಮ್ ಹಾಕೋಕೆ ಬೇಕಾದದ್ದು ಅನ್‌ಲಾಕ್ ಆದ ಬೂಟ್‌ಲೋಡರ್. ರೂಟ್ ಅಲ್ಲ. ಎರಡೂ ಬೇರೆ ಬೇರೆ. ಮ್ಯಾಜಿಸ್ಕ್ ಕೂತಿರೋದು ಬೂಟ್ ಇಮೇಜ್‌ನಲ್ಲಿ, ಅಂದರೆ ಫೋನ್ ಏಳೋಕೆ ಬೇಕಾದ ಫೈಲ್‌ನಲ್ಲಿ. ಹೊಸ ರಾಮ್ ತನ್ನದೇ ಬೂಟ್ ಇಮೇಜ್ ತರುತ್ತದೆ, ಹಾಗಾಗಿ ಅದನ್ನು ಹಾಕಿದ ಕೂಡಲೇ ನಿಮ್ಮ ಈಗಿನ ರೂಟ್ ಹೋಗುತ್ತದೆ. ಬೇಕು ಅಂದರೆ ಮತ್ತೆ ಮಾಡಬೇಕು. ಅಂದರೆ ಈಗ ನಿಮ್ಮ ಕೈಯಲ್ಲಿ ಒಂದು ಒಳ್ಳೆ ಅವಕಾಶ ಇದೆ: ರೂಟ್ ನಿಜವಾಗಿ ಬೇಕಾ ಅಂತ ಹೊಸದಾಗಿ ಯೋಚನೆ ಮಾಡಬಹುದು.

ನೀವು ಕೊಟ್ಟ ಕಾರಣಗಳನ್ನೇ ನೋಡಿ. ಬೇಡದ ಆ್ಯಪ್ ತೆಗೆಯೋದು ಅಂದಿರಿ. ಲಿನಿಯೇಜ್‌ನಂಥ ರಾಮ್‌ನಲ್ಲಿ ತೆಗೆಯೋಕೆ ಏನೂ ಇರೋದಿಲ್ಲ. ಫೋನ್, ಮೆಸೇಜ್, ಕ್ಯಾಮೆರಾ, ಗ್ಯಾಲರಿ, ಕ್ಯಾಲ್ಕುಲೇಟರ್, ಇಂಥವು ನಾಲ್ಕೈದು ಬಿಟ್ಟರೆ ಖಾಲಿ. ಜಾಹೀರಾತು ತಡೆಯೋಕೆ ಆಂಡ್ರಾಯ್ಡ್ 9ರಿಂದಲೇ ಪ್ರೈವೇಟ್ ಡಿಎನ್ಎಸ್ ಅಂತ ಸೆಟಿಂಗ್ ಇದೆ, ಜಾಹೀರಾತು ತಡೆಯುವ ಡಿಎನ್ಎಸ್ ಹೆಸರು ಅಲ್ಲಿ ಹಾಕಿದರೆ ಮುಕ್ಕಾಲು ಭಾಗ ಕೆಲಸ ಮುಗಿಯುತ್ತದೆ. ಯೂಟ್ಯೂಬ್ ಒಳಗಿನ ಜಾಹೀರಾತು ಹೋಗೋದಿಲ್ಲ, ಅದು ಆ್ಯಡ್‌ಅವೇಯಲ್ಲೂ ಹೋಗುತ್ತಿರಲಿಲ್ಲ. ಬ್ಯಾಕಪ್‌ಗೆ ಲಿನಿಯೇಜ್‌ನಲ್ಲಿ ಸೀಡ್‌ವಾಲ್ಟ್ ಇದೆ. ಎಲ್ಲ ಆ್ಯಪ್‌ನ ಡೇಟಾ ಅದರಲ್ಲಿ ಬರೋದಿಲ್ಲ, ಅದು ನಿಜ. ಉಳಿದದ್ದು ಚಾರ್ಜ್ 80ಕ್ಕೆ ನಿಲ್ಲಿಸೋದು. ಅದೊಂದಕ್ಕೆ ರೂಟ್ ಬೇಕಾಗಬಹುದು. ಈ ಒಂದು ಅನುಕೂಲಕ್ಕಾಗಿ ಬ್ಯಾಂಕ್ ಆ್ಯಪ್ ಜೊತೆ ದಿನಾ ಗುದ್ದಾಡಬೇಕಾ ಅಂತ ನೀವೇ ನಿರ್ಧಾರ ಮಾಡಿ.

ಈಗ ಯಾವ ರಾಮ್ ಅನ್ನೋ ಪ್ರಶ್ನೆಗೆ ಬರುತ್ತೇನೆ. ರಾಮ್‌ನ ಹೆಸರು ನೋಡಬೇಡಿ, ಫೀಚರ್ ಪಟ್ಟಿ ನೋಡಬೇಡಿ. ನಿಮ್ಮ ಫೋನಿಗೆ ಅದನ್ನು ಕಟ್ಟುತ್ತಿರುವವರು ಯಾರು, ಅವರು ಎಷ್ಟು ದಿನದಿಂದ ಕಟ್ಟುತ್ತಿದ್ದಾರೆ, ಕಳೆದ ತಿಂಗಳ ಸೆಕ್ಯುರಿಟಿ ಪ್ಯಾಚ್ ಹಾಕಿದ್ದಾರಾ, ಇದನ್ನು ನೋಡಿ. ಒಂದೇ ರಾಮ್ ಒಂದು ಫೋನಿನಲ್ಲಿ ಬಂಗಾರದ ಹಾಗಿರುತ್ತದೆ, ಇನ್ನೊಂದು ಫೋನಿನಲ್ಲಿ ಬ್ಲೂಟೂತ್ ಕೂಡ ಓಡೋದಿಲ್ಲ. ವ್ಯತ್ಯಾಸ ಇರೋದು ಮೇಂಟೇನರ್‌ನಲ್ಲಿ. ಇವರೆಲ್ಲ ಕೆಲಸ ಮುಗಿಸಿ ಮನೆಗೆ ಬಂದು ರಾತ್ರಿ ಕೂತು ಪುಕ್ಕಟೆ ಮಾಡುವ ಜನ. ಅವರಿಗೆ ಮದುವೆ ಆಗುತ್ತದೆ, ಕೆಲಸ ಬದಲಾಗುತ್ತದೆ, ಹೊಸ ಫೋನ್ ಬರುತ್ತದೆ. ಆವತ್ತು ನಿಮ್ಮ ಫೋನಿನ ಬಿಲ್ಡ್ ನಿಂತುಹೋಗುತ್ತದೆ. ಪಿಕ್ಸೆಲ್ ಎಕ್ಸ್‌ಪೀರಿಯೆನ್ಸ್ ಎಷ್ಟು ದೊಡ್ಡ ಹೆಸರು, ನಮ್ಮ ಎಫ್1ಗೂ ಇತ್ತು. 2024ರಲ್ಲಿ ಆ ಯೋಜನೆಯೇ ನಿಂತಿತು. ಅದಕ್ಕೂ ಹಿಂದೆ 2016ರ ಡಿಸೆಂಬರ್‌ನಲ್ಲಿ ಸಯನೋಜೆನ್‌ಮಾಡ್ ಮುಚ್ಚಿತು. ಆಗ ಆ ಕೋಡ್ ಹಿಡಿದುಕೊಂಡು ಅದೇ ಜನ ಶುರು ಮಾಡಿದ್ದೇ ಲಿನಿಯೇಜ್.

ಅದಕ್ಕೇ ನನ್ನ ಸಲಹೆ ಲಿನಿಯೇಜ್, ಅದೂ ಅಧಿಕೃತ ಬಿಲ್ಡ್. ಅಧಿಕೃತ ಪಟ್ಟಿಗೆ ಒಂದು ಫೋನ್ ಸೇರಬೇಕಾದರೆ ಏನೇನು ಓಡಬೇಕು ಅಂತ ಅವರು ಬರೆದಿಟ್ಟ ನಿಯಮ ಇದೆ. ಕರೆ, ವೈಫೈ, ಬ್ಲೂಟೂತ್, ಕ್ಯಾಮೆರಾ ಓಡಬೇಕು, ಎಸ್ಇಲಿನಕ್ಸ್ ಅನ್ನೋ ಭದ್ರತಾ ಕಾವಲು ಎನ್‌ಫೋರ್ಸಿಂಗ್ (ಜಾರಿಯಲ್ಲಿ) ಆಗಿರಬೇಕು. ಬಿಲ್ಡ್ ಯಾರದೋ ಲ್ಯಾಪ್‌ಟಾಪ್‌ನಲ್ಲಿ ಆಗೋದಿಲ್ಲ, ಅವರ ಸರ್ವರ್‌ನಲ್ಲಿ ಆಗುತ್ತದೆ, ಅವರ ಸ್ವಂತ ಕೀಯಿಂದ ಸಹಿ ಆಗುತ್ತದೆ. ಅಪ್‌ಡೇಟ್ ಫೋನಿನಲ್ಲೇ ಬಂದು ಕೂರುತ್ತದೆ. ಸಿಆರ್‌ಡ್ರಾಯ್ಡ್ ಕೂಡ ಲಿನಿಯೇಜ್ ಮೇಲೆಯೇ ಕಟ್ಟಿದ್ದು, ಬೇಕಾದಷ್ಟು ಹೆಚ್ಚುವರಿ ಸೆಟಿಂಗ್ ಕೊಡುತ್ತಾರೆ, ಒಳ್ಳೆಯ ರಾಮ್. ಬೆಂಗಳೂರಿನ ಗೆಳೆಯರು ಹೇಳಿದ ಎವಲ್ಯೂಷನ್ ಎಕ್ಸ್ ಕೂಡ ತಪ್ಪಲ್ಲ, ಸಿಂಗಾರ ಇಷ್ಟಪಡುವವರಿಗೆ ಚೆನ್ನಾಗಿದೆ. ಆದರೆ ನಿಮಗೆ ಬೇಕಾಗಿರೋದು ಫೋನ್ ಎತ್ತಿದರೆ ಕರೆ ಹೋಗೋದು.

ಆ ಗೇಮಿಂಗ್ ರಾಮ್ ಮಾತ್ರ ದಯವಿಟ್ಟು ಬೇಡ. ನಾನು ಅದನ್ನು ನೋಡಿಲ್ಲ, ಆದರೂ ಹೇಳುತ್ತೇನೆ. ಸೋರ್ಸ್ ಕೋಡ್ ಎಲ್ಲಿದೆ ಅಂತ ಲಿಂಕ್ ಇಲ್ಲದಿದ್ದರೆ ಒಳಗೆ ಏನಿದೆ ಅಂತ ಯಾರಿಗೂ ಗೊತ್ತಾಗೋದಿಲ್ಲ. ಇಂಥ ಬಿಲ್ಡ್‌ಗಳಲ್ಲಿ ಎರಡು ವಿಷಯ ನೋಡಿ. ಒಂದು, ಎಸ್ಇಲಿನಕ್ಸ್ ಪರ್ಮಿಸಿವ್ (ಏನನ್ನೂ ತಡೆಯದ ಸ್ಥಿತಿ) ಅಂತ ಇದ್ದರೆ ಬಿಟ್ಟುಬಿಡಿ. ಏನೋ ಒಂದು ಓಡುತ್ತಿಲ್ಲ ಅಂತ ಬಾಗಿಲನ್ನೇ ತೆಗೆದಿಟ್ಟ ಹಾಗೆ ಅದು. ಇನ್ನೊಂದು, ಟೆಸ್ಟ್ ಕೀಯಿಂದ ಸಹಿ ಮಾಡಿದ ಬಿಲ್ಡ್. ಆ ಕೀ ಆಂಡ್ರಾಯ್ಡ್ ಸೋರ್ಸ್ ಜೊತೆಗೇ ಬರುತ್ತದೆ, ಇಡೀ ಲೋಕದ ಹತ್ತಿರ ಇದೆ. ಅದೇ ಕೀಯಿಂದ ಯಾರು ಬೇಕಾದರೂ ಒಂದು ಆ್ಯಪ್‌ಗೆ ಸಹಿ ಹಾಕಿದರೆ ನಿಮ್ಮ ಫೋನ್ ಅದನ್ನು ಮನೆಯವನೇ ಅಂತ ನಂಬುತ್ತದೆ.

ಒಂದು ವಿಷಯ ಮುಚ್ಚಿಡೋದಿಲ್ಲ. ರಾಮ್ ಎಷ್ಟೇ ಹೊಸದಾದರೂ ಮೋಡೆಮ್, ಪ್ರೊಸೆಸರ್ ಕಡೆಯ ಫರ್ಮ್‌ವೇರ್ ಕಂಪನಿ ಕೊನೆಗೆ ಕೊಟ್ಟದ್ದೇ ಇರುತ್ತದೆ. ಲಿನಿಯೇಜ್ ಸೆಟಿಂಗ್ಸ್‌ನಲ್ಲಿ ಎರಡು ತಾರೀಖು ಕಾಣುತ್ತದೆ, ಒಂದು ಆಂಡ್ರಾಯ್ಡ್ ಪ್ಯಾಚ್, ಇನ್ನೊಂದು ವೆಂಡರ್ ಪ್ಯಾಚ್. ಎರಡನೆಯದು ಹಳೇದಾಗಿಯೇ ಉಳಿಯುತ್ತದೆ. ಆದರೂ ಆಂಡ್ರಾಯ್ಡ್ 10ರಲ್ಲಿ ನಿಂತಿರೋದಕ್ಕಿಂತ ಎಷ್ಟೋ ಉತ್ತಮ.

ಬ್ಯಾಂಕ್ ವಿಷಯ. ಬೂಟ್‌ಲೋಡರ್ ಅನ್‌ಲಾಕ್ ಆಗಿದ್ದರೆ ಗೂಗಲ್‌ನ ಪ್ಲೇ ಇಂಟೆಗ್ರಿಟಿ ಪರೀಕ್ಷೆಯಲ್ಲಿ ಫೋನ್ ಪೂರ್ತಿ ಪಾಸ್ ಆಗೋದಿಲ್ಲ, ರೂಟ್ ಇರಲಿ ಬಿಡಲಿ. ಕೆಲವು ಬ್ಯಾಂಕ್ ಆ್ಯಪ್ ಅದನ್ನು ಕೇಳುತ್ತವೆ, ಕೆಲವು ಬರೀ ರೂಟ್ ಇದೆಯಾ ಅಂತ ನೋಡುತ್ತವೆ, ಕೆಲವು ಏನೂ ಕೇಳೋದಿಲ್ಲ. ಮಾಡ್ಯೂಲ್ ಹಾಕಿ ಮರೆಮಾಚಬಹುದು, ಇವತ್ತು ಓಡುತ್ತದೆ, ಮುಂದಿನ ವಾರ ನಿಲ್ಲುತ್ತದೆ. ಅದಕ್ಕೆ ಅಂತಲೇ ಸೋರಿಹೋದ ಕೀಬಾಕ್ಸ್ (ಫೋನ್ ಅಸಲಿ ಅಂತ ತೋರಿಸುವ ಕೀ) ಫೈಲ್‌ಗಳನ್ನು ಟೆಲಿಗ್ರಾಂನಲ್ಲಿ ಮಾರುತ್ತಾರೆ, ಗೂಗಲ್ ಅವನ್ನು ಒಂದೊಂದಾಗಿ ರದ್ದು ಮಾಡುತ್ತಿರುತ್ತದೆ. ಅಡಿಕೆ ದುಡ್ಡು ಬರುವ ಖಾತೆಯನ್ನು ಇದರ ಮೇಲೆ ನಿಲ್ಲಿಸಬೇಡಿ.

ನನಗೆ ಇಷ್ಟು ಹೇಳಿ: ಈಗ ಫೋನಿನಲ್ಲಿರೋದು ಕೊನೆಯ ಎಂಐಯುಐ ತಾನೆ? ಸ್ಕ್ರೀನ್ ಯಾವತ್ತಾದರೂ ಬದಲಿಸಿದ್ದೀರಾ? ಕಂಪ್ಯೂಟರ್ ಇದೆಯಾ?

ಮೈಸೂರ್_ಮಲ್ಲಿಗೆ

ಹುಬ್ಬಳ್ಳಿಯವರು ಕರೆ ಅಂದರಲ್ಲ, ಅದಕ್ಕೆ ನನ್ನದೊಂದು ಅನುಭವ ಸೇರಿಸುತ್ತೇನೆ. ದಯವಿಟ್ಟು ಹಗುರವಾಗಿ ತಗೋಬೇಡಿ.

ಅಪ್ಪನ ಹಳೆ ಫೋನಿಗೆ ನಾನೇ ಒಂದು ರಾಮ್ ಹಾಕಿಕೊಟ್ಟಿದ್ದೆ. ಯಾವುದು ಅಂತ ಹೇಳೋದಿಲ್ಲ, ಆ ಮೇಂಟೇನರ್ ಪಾಪ ಕಷ್ಟಪಟ್ಟೇ ಮಾಡಿದ್ದರು. ನೋಡೋಕೆ ತುಂಬ ಚೆನ್ನಾಗಿತ್ತು, ವೇಗವೂ ಇತ್ತು. ನಾನು ವಾಟ್ಸ್‌ಆ್ಯಪ್ ನೋಡಿದೆ, ಕ್ಯಾಮೆರಾ ನೋಡಿದೆ, ಯೂಟ್ಯೂಬ್ ನೋಡಿದೆ, ಕೊಟ್ಟೆ. ಮಾಮೂಲಿ ಕರೆ ಮಾಡಿ ನೋಡಲೇ ಇಲ್ಲ. ಜಿಯೋದಲ್ಲಿ ಹಳೆ 2ಜಿ, 3ಜಿ ಇಲ್ಲ ಅಲ್ವಾ, ವೋಲ್ಟಿ (4ಜಿ ಮೇಲೆ ಹೋಗುವ ಕರೆ) ಓಡದಿದ್ದರೆ ಕರೆಯೇ ಇಲ್ಲ. ಆ ಬಿಲ್ಡ್‌ನಲ್ಲಿ ಫೋನ್ ಎದ್ದ ತಕ್ಷಣ ವೋಲ್ಟಿ ಇರುತ್ತಿತ್ತು, ಆಮೇಲೆ ಯಾವಾಗಲೋ ಸದ್ದಿಲ್ಲದೆ ಹೋಗುತ್ತಿತ್ತು. ಇಂಟರ್ನೆಟ್ ಓಡುತ್ತಲೇ ಇರುತ್ತಿತ್ತು, ಹಾಗಾಗಿ ಗೊತ್ತೇ ಆಗುತ್ತಿರಲಿಲ್ಲ.

ಒಂದು ರಾತ್ರಿ ಅಪ್ಪನಿಗೆ ಎದೆಯಲ್ಲಿ ಉರಿ ಶುರುವಾಗಿ ನನಗೆ ಫೋನ್ ಮಾಡಿದ್ದಾರೆ, ಹೋಗಿಲ್ಲ. ಮತ್ತೆ ಮತ್ತೆ ಮಾಡಿದ್ದಾರೆ. ಕೊನೆಗೆ ಪಕ್ಕದ ಮನೆಯವರನ್ನು ಎಬ್ಬಿಸಿ ಅವರ ಫೋನಿನಿಂದ ಮಾಡಿದರು. ಅದು ಬರೀ ಗ್ಯಾಸ್ ಅಂತ ಆಮೇಲೆ ಗೊತ್ತಾಯಿತು, ಅಪ್ಪ ಈಗ ಆರಾಮಾಗಿದ್ದಾರೆ. ಮಾರನೇ ದಿನ ಅವರ ಫೋನ್ ತೆಗೆದು ನೋಡಿದೆ. ಕರೆ ಪಟ್ಟಿಯಲ್ಲಿ ನನ್ನ ಹೆಸರು ಒಂದರ ಕೆಳಗೆ ಒಂದು, ಹನ್ನೊಂದು ಸಲ, ಎಲ್ಲವೂ ಸೊನ್ನೆ ಸೆಕೆಂಡ್. ಆ ಪಟ್ಟಿ ನನಗೆ ಇವತ್ತಿಗೂ ಕಣ್ಣ ಮುಂದೆ ಬರುತ್ತದೆ.

ಅದಕ್ಕೇ ಹೇಳೋದು, ಯಾವ ರಾಮ್ ಹಾಕಿದರೂ ಮೊದಲು ಕರೆ. ಹೊರಗೆ ಹೋಗುವ ಕರೆ, ಒಳಗೆ ಬರುವ ಕರೆ, ಕಿವಿಗೆ ಹಿಡಿದಾಗ ಸ್ಕ್ರೀನ್ ಆರುತ್ತದಾ, ಸ್ಪೀಕರ್ ಹಾಕಿದರೆ ಆಚೆಯವರಿಗೆ ನಿಮ್ಮ ಧ್ವನಿ ಸರಿಯಾಗಿ ಕೇಳುತ್ತದಾ, ಒಟಿಪಿ ಮೆಸೇಜ್ ಬರುತ್ತದಾ. ವೈಫೈನಲ್ಲಿ ಮಾತಾಡುತ್ತಾ ಅಂಗಳಕ್ಕೆ ಬಂದರೆ ಕರೆ ಕಡಿಯುತ್ತದಾ ಅಂತಲೂ ನೋಡಿ. ಒಂದು ಇಡೀ ರಾತ್ರಿ ಫೋನ್ ಮುಟ್ಟದೆ ಇಟ್ಟು, ಬೆಳಿಗ್ಗೆ ಬೇರೆ ಫೋನಿನಿಂದ ಅದಕ್ಕೆ ಕರೆ ಮಾಡಿ. ಅಪ್ಪನ ಫೋನಿನಲ್ಲಿ ಇದೊಂದು ಪರೀಕ್ಷೆ ಮಾಡಿದ್ದರೆ ನನಗೆ ಮೊದಲ ದಿನವೇ ಗೊತ್ತಾಗುತ್ತಿತ್ತು.

ಅಡಿಕೆತೋಟ_ಸಾಗರ

ಮೈಸೂರಿನವರೇ, ಓದಿ ಮೈ ಜುಮ್ಮೆಂದಿತು. ಅಪ್ಪ ಆರಾಮಾಗಿದ್ದಾರಲ್ಲ, ಅಷ್ಟು ಸಾಕು. ನಮ್ಮಲ್ಲೂ ಅಮ್ಮ ಹಗಲು ಹೊತ್ತು ಒಬ್ಬರೇ ಇರುತ್ತಾರೆ, ಹಾಗಾಗಿ ನೀವು ಹೇಳಿದ ಪರೀಕ್ಷೆ ಅಷ್ಟನ್ನೂ ಮಾಡುತ್ತೇನೆ.

ಹುಬ್ಬಳ್ಳಿಯವರೇ, ಎಂಐಯುಐ ಕೊನೆಯದೇ. ವಿಂಡೋಸ್ 10 ಲ್ಯಾಪ್‌ಟಾಪ್ ಇದೆ, ಎಡಿಬಿ ಫಾಸ್ಟ್‌ಬೂಟ್ (ಕಂಪ್ಯೂಟರ್‌ನಿಂದ ಫೋನಿಗೆ ಆಜ್ಞೆ ಕೊಡುವ ಟೂಲ್) ಹಾಕಿಟ್ಟಿದ್ದೇನೆ. ಸ್ಕ್ರೀನ್ ಮಾತ್ರ ಬದಲಿಸಿದ್ದೇನೆ ಮಾರಾಯ್ರೆ, ಮೂರು ವರ್ಷದ ಹಿಂದೆ ಒಡೆದಿತ್ತು, ಅಂಗಡಿಯಲ್ಲಿ ಹಾಕಿಸಿದ್ದು. ಇದಕ್ಕೂ ರಾಮ್‌ಗೂ ಏನು ಸಂಬಂಧ?

ಇನ್ನೊಂದು, ಅಮ್ಮನೂ ಈ ಫೋನ್ ತಗೋತಾರೆ. ಎಲ್ಲ ಕನ್ನಡದಲ್ಲೇ ಇರಬೇಕು. ಅದು ಸಿಗುತ್ತದಾ?

ದಾವಣಗೆರೆ_ಮೊಬೈಲ್

ಸಂಬಂಧ ಇದೆ ಸರ್. ನಾನು ರಿಪೇರಿ ಕೆಲಸ ಮಾಡುವವನು, ದಿನಾ ನೋಡುತ್ತೇನೆ.

ಎಫ್1ಗೆ ಕಂಪನಿಯಿಂದಲೇ ಎರಡು ಥರದ ಪ್ಯಾನೆಲ್ ಬಂದಿದೆ, ಒಂದು ಟಿಯಾನ್ಮಾ, ಇನ್ನೊಂದು ಇಬಿಬಿಜಿ. ಎರಡಕ್ಕೂ ಕರ್ನಲ್‌ನಲ್ಲಿ (ಸಿಸ್ಟಂನ ತಿರುಳಿನಲ್ಲಿ) ಡ್ರೈವರ್ ಬೇರೆ ಬೇರೆ ಇರುತ್ತದೆ. ಒಳ್ಳೆ ರಾಮ್‌ಗಳಲ್ಲಿ ಎರಡೂ ಸೇರಿಸಿರುತ್ತಾರೆ. ಆದರೆ ಅಂಗಡಿಯಲ್ಲಿ ಹಾಕುವ ಕಾಂಬೋ (ಸ್ಕ್ರೀನ್, ಟಚ್ ಸೇರಿದ ಬಿಡಿಭಾಗ) ಎಲ್ಲ ಒರಿಜಿನಲ್ ಅಲ್ಲ. ಕೆಲವದರಲ್ಲಿ ಟಚ್ ಐಸಿ (ಚಿಪ್) ಬೇರೆ ಇರುತ್ತದೆ. ಸ್ಟಾಕ್‌ನಲ್ಲಿ (ಕಂಪನಿಯ ಸಿಸ್ಟಂನಲ್ಲಿ) ಟಚ್ ಓಡುತ್ತದೆ, ಕಸ್ಟಮ್ ಕರ್ನಲ್ ಬಂದ ಕೂಡಲೇ ಟಚ್ ಸತ್ತುಹೋಗುತ್ತದೆ. ಫೋನ್ ಆನ್ ಆಗಿದೆ, ಚಿತ್ರ ಇದೆ, ಬೆರಳಿಗೆ ಮಾತ್ರ ಅಲ್ಲಾಡೋದಿಲ್ಲ. ಗಿರಾಕಿ ರಾಮ್ ಕೆಟ್ಟದು ಅಂತ ಬೈಯುತ್ತಾರೆ, ತಪ್ಪು ಕಾಂಬೋದ್ದು.

ಪರೀಕ್ಷೆ ಮಾಡೋಕೆ ಸುಲಭ ದಾರಿ ಇದೆ. ಡೇಟಾ ಫಾರ್ಮ್ಯಾಟ್ ಮಾಡುವ ಮೊದಲೇ, ಬೆರಿಲಿಯಂಗೆ ಅಂತ ಬಂದ ಟಿಡಬ್ಲ್ಯುಆರ್‌ಪಿ ಅನ್ನೋ ರಿಕವರಿ (ರಾಮ್ ಹಾಕೋಕೆ, ಬ್ಯಾಕಪ್ ತೆಗೆಯೋಕೆ ಇರುವ ಪುಟ್ಟ ಸಿಸ್ಟಂ) ಹಾಕಿ ಅದರಲ್ಲಿ ಟಚ್ ಓಡುತ್ತದಾ ನೋಡಿ. ಓಡಿದರೆ ಮುಕ್ಕಾಲು ಪಾಲು ಧೈರ್ಯ. ಓಡದಿದ್ದರೆ ಅಲ್ಲೇ ನಿಲ್ಲಿಸಿ, ಸ್ಟಾಕ್‌ಗೆ ವಾಪಸ್ ಎದ್ದುಬಿಡಿ. ಏನೂ ಹೋಗಿರೋದಿಲ್ಲ. ಒಂದು ಓಟಿಜಿ ಕೇಬಲ್, ಮೌಸ್ ಹತ್ತಿರ ಇಟ್ಟುಕೊಂಡಿರಿ. ಟಚ್ ಕೈಕೊಟ್ಟರೆ ಮೌಸ್‌ನಿಂದ ಕೆಲಸ ಮುಗಿಸಬಹುದು.

ಬೆರಿಲಿಯಂ_ಹುಬ್ಬಳ್ಳಿ

ದಾವಣಗೆರೆಯವರು ಹೇಳಿದ್ದು ಬಹಳ ಮುಖ್ಯ. ಅದಕ್ಕೇ ಕೇಳಿದ್ದು.

ಕನ್ನಡದ ಬಗ್ಗೆ ಹೇಳುತ್ತೇನೆ, ನಮ್ಮ ಮನೆಯಲ್ಲೂ ಫೋನ್ ಕನ್ನಡದಲ್ಲೇ ಇದೆ. ಮೂಲ ಆಂಡ್ರಾಯ್ಡ್‌ನಲ್ಲಿ ಕನ್ನಡ ಇದೆ, ಆದ್ದರಿಂದ ಯಾವ ರಾಮ್ ಹಾಕಿದರೂ ಸೆಟಿಂಗ್ಸ್, ಫೋನ್, ಕಾಂಟ್ಯಾಕ್ಟ್ಸ್ ಎಲ್ಲ ಕನ್ನಡದಲ್ಲಿ ಬರುತ್ತದೆ. ಆಯಾ ರಾಮ್‌ನವರು ತಾವೇ ಸೇರಿಸಿದ ಪುಟಗಳು ಮಾತ್ರ ಅರ್ಧ ಇಂಗ್ಲಿಷ್ ಇರುತ್ತವೆ. ಫೀಚರ್ ಜಾಸ್ತಿ ಇದ್ದಷ್ಟೂ ಇಂಗ್ಲಿಷ್ ಜಾಸ್ತಿ. ಅಮ್ಮನ ಕೈಗೆ ಕೊಡೋದಾದರೆ ಈ ಲೆಕ್ಕದಲ್ಲೂ ಲಿನಿಯೇಜ್ ಮೇಲು. ಅದರ ಅನುವಾದ ಮಾಡೋದು ನಮ್ಮಂಥ ಬಳಕೆದಾರರೇ, ಕ್ರೌಡಿನ್ ಅನ್ನೋ ತಾಣದಲ್ಲಿ. ಬಿಡುವಿದ್ದಾಗ ನೀವೂ ನಾಲ್ಕು ಸಾಲು ಮಾಡಿ.

ಎರಡು ವಿಷಯ ಕಳೆದುಕೊಳ್ಳುತ್ತೀರಿ. ಕತ್ತಲಲ್ಲೂ ಮುಖ ನೋಡಿ ಲಾಕ್ ತೆಗೆಯುತ್ತಿತ್ತಲ್ಲ, ಎಫ್1ರ ಇನ್‌ಫ್ರಾರೆಡ್ ಕ್ಯಾಮೆರಾದ್ದು, ಅದು ಲಿನಿಯೇಜ್‌ನಲ್ಲಿ ಇಲ್ಲ. ಬೆರಳಚ್ಚು ಓಡುತ್ತದೆ. ಇನ್ನೊಂದು ಕಂಪನಿಯ ಕ್ಯಾಮೆರಾ ಆ್ಯಪ್. ಅದರ ಬದಲಿಗೆ ಜಿಕ್ಯಾಮ್ (ಗೂಗಲ್ ಕ್ಯಾಮೆರಾ ಆ್ಯಪ್) ಹಾಕಿಕೊಳ್ಳಿ. ಹಿಂದಿನ ಕ್ಯಾಮೆರಾದಲ್ಲಿರೋದು ಸೋನಿ ಐಎಂಎಕ್ಸ್363 ಸೆನ್ಸರ್, ಪಿಕ್ಸೆಲ್ 3ರಲ್ಲಿ ಇದ್ದದ್ದೂ ಅದೇ, ಆದ್ದರಿಂದ ಜಿಕ್ಯಾಮ್‌ನಲ್ಲಿ ಫೋಟೋ ನಿಜಕ್ಕೂ ಚೆನ್ನಾಗಿ ಬರುತ್ತದೆ.

ಹಾಕುವ ಕ್ರಮ ಲಿನಿಯೇಜ್ ವಿಕಿಯಲ್ಲಿ ಬೆರಿಲಿಯಂ ಪುಟದಲ್ಲಿ ಇದೆ. ಯೂಟ್ಯೂಬ್ ವಿಡಿಯೋ ನೋಡಿ ಮಾಡಬೇಡಿ, ಅದು ಯಾವ ಕಾಲದ್ದೋ. ಆ ಪುಟವನ್ನು ಮೊದಲಿಂದ ಕೊನೆವರೆಗೆ ಒಂದು ಸಲ ಓದಿ ಆಮೇಲೆ ಕೇಬಲ್ ಚುಚ್ಚಿ. ಎಲ್ಲರೂ ಎಡವುವ ಜಾಗ ಮಾತ್ರ ನಾನು ಹೇಳುತ್ತೇನೆ.

ಟಿಡಬ್ಲ್ಯುಆರ್‌ಪಿಯಲ್ಲಿ ಟಚ್ ನೋಡುವಾಗಲೇ ಇಎಫ್ಎಸ್ ಮತ್ತು ಪರ್ಸಿಸ್ಟ್ ಅನ್ನೋ ಎರಡು ಭಾಗಗಳ ಬ್ಯಾಕಪ್ ತಗೊಂಡು ಲ್ಯಾಪ್‌ಟಾಪ್‌ಗೆ ಹಾಕಿ. ಐಎಂಇಐ ನಂಬರ್‌ಗೆ ಸಂಬಂಧಪಟ್ಟದ್ದು ಇಎಫ್ಎಸ್‌ನಲ್ಲಿದೆ. ಅದು ಹೋದರೆ ಸಿಮ್ ಹಾಕಿದರೂ ನೆಟ್‌ವರ್ಕ್ ಬರೋದಿಲ್ಲ, ಬೇರೆ ಫೋನಿನದ್ದು ತಂದು ಹಾಕೋಕೂ ಆಗೋದಿಲ್ಲ. ಫೈಲ್ ಚಿಕ್ಕದು, ಎರಡು ಕಡೆ ಇಡಿ.

ಆಮೇಲೆ ಡೇಟಾ ಫಾರ್ಮ್ಯಾಟ್ ಮಾಡಬೇಕು. ಬರೀ ವೈಪ್ ಸಾಲೋದಿಲ್ಲ. ಹಳೆ ಎನ್‌ಕ್ರಿಪ್ಷನ್ ಉಳಿದುಕೊಂಡರೆ ಹೊಸ ರಾಮ್ ಏಳೋದೇ ಇಲ್ಲ, ಲೋಗೋದಲ್ಲೇ ಸುತ್ತುತ್ತಿರುತ್ತದೆ. ಫಾರ್ಮ್ಯಾಟ್ ಅಂದರೆ ಫೋಟೋ, ವಾಟ್ಸ್‌ಆ್ಯಪ್, ಡೌನ್‌ಲೋಡ್ ಎಲ್ಲ ಹೋಯಿತು ಅಂತ ಅರ್ಥ, ಮುಂಚೆಯೇ ತೆಗೆದಿಡಿ. ಒಟಿಪಿ ಕೊಡುವ ಅಥೆಂಟಿಕೇಟರ್ ಆ್ಯಪ್ ಇದ್ದರೆ ಅದನ್ನು ಮೊದಲು ಬೇರೆ ಫೋನಿಗೆ ಸಾಗಿಸಿ. ಗೂಗಲ್ ಪಾಸ್‌ವರ್ಡ್ ನೆನಪಿದೆಯಾ ನೋಡಿಕೊಳ್ಳಿ.

ಗ್ಯಾಪ್ಸ್ ಬೇಕಾದರೆ ರಾಮ್ ಹಾಕಿದ ಕೂಡಲೇ, ಒಂದು ಸಲವೂ ಬೂಟ್ ಮಾಡದೆ ಹಾಕಬೇಕು. ಮೈಂಡ್ ದ ಗ್ಯಾಪ್ಸ್ ಸಾಕು. ಸಹಿ ತಾಳೆಯಾಗುತ್ತಿಲ್ಲ, ಮುಂದುವರಿಸಲಾ ಅಂತ ರಿಕವರಿ ಕೇಳುತ್ತದೆ. ಅದು ಲಿನಿಯೇಜ್‌ನವರ ಫೈಲ್ ಅಲ್ಲ, ಅದಕ್ಕೇ ಕೇಳೋದು. ಹೌದು ಅನ್ನಿ. ಬೂಟ್ ಮಾಡಿದ ಮೇಲೆ ನೆನಪಾದರೆ ಮತ್ತೆ ಫಾರ್ಮ್ಯಾಟ್‌ನಿಂದ ಶುರು.

ಇನ್ನೊಂದು ಚಿಕ್ಕ ವಿಷಯ, ಇದನ್ನು ನೆನಪಿಡಿ. ಸೈಡ್‌ಲೋಡ್ (ಕೇಬಲ್ ಮೂಲಕ ಲ್ಯಾಪ್‌ಟಾಪ್‌ನಿಂದ ರಾಮ್ ಕಳಿಸೋದು) ಮಾಡುವಾಗ ಲ್ಯಾಪ್‌ಟಾಪ್ ಸ್ಕ್ರೀನ್‌ನಲ್ಲಿ 47 ಪರ್ಸೆಂಟ್‌ಗೆ ನಿಂತುಬಿಡಬಹುದು. ಗಾಬರಿಯಾಗಿ ಕೇಬಲ್ ಕೀಳಬೇಡಿ. ಫೋನಿನ ಸ್ಕ್ರೀನ್ ನೋಡಿ, ಕೆಲಸ ಅಲ್ಲಿ ಮುಗಿದಿರುತ್ತದೆ. ಮತ್ತೆ, ಯುಎಸ್‌ಬಿ 3 ಪೋರ್ಟ್‌ನಲ್ಲಿ ಫಾಸ್ಟ್‌ಬೂಟ್ ಫೋನನ್ನು ಗುರುತಿಸದಿದ್ದರೆ 2.0 ಪೋರ್ಟ್‌ಗೆ ಹಾಕಿ.

ರೂಟ್ ಈಗಲೇ ಬೇಡ. ಒಂದು ವಾರ ಬರೀ ರಾಮ್ ಬಳಸಿ. ಏನಾದರೂ ಕೆಟ್ಟರೆ ಅದು ರಾಮ್‌ನದೋ ಮಾಡ್ಯೂಲ್‌ನದೋ ಅಂತ ಗೊತ್ತಾಗಬೇಕಲ್ಲ. ಆಮೇಲೂ ರೂಟ್ ಬೇಕು ಅನಿಸಿದರೆ, ನಿಮ್ಮ ಫೋನಿನಲ್ಲಿರುವ ಅದೇ ಬಿಲ್ಡ್‌ನ ಬೂಟ್ ಇಮೇಜ್ ಇಳಿಸಿ, ಮ್ಯಾಜಿಸ್ಕ್ ಆ್ಯಪ್‌ನಲ್ಲಿ ಪ್ಯಾಚ್ ಮಾಡಿ, ಫಾಸ್ಟ್‌ಬೂಟ್‌ನಲ್ಲಿ ಹಾಕಿ. ಬೇರೆ ತಾರೀಖಿನ ಬಿಲ್ಡ್‌ನ ಬೂಟ್ ಇಮೇಜ್ ಹಾಕಬೇಡಿ, ವೈಫೈಯೇ ಹೋಗುವ ಸಾಧ್ಯತೆ ಇದೆ. ಪ್ಯಾಚ್ ಮಾಡದ ಮೂಲ ಇಮೇಜ್ ಒಂದು ಲ್ಯಾಪ್‌ಟಾಪ್‌ನಲ್ಲಿ ಇಟ್ಟಿರಿ, ಬೂಟ್‌ಲೂಪ್ ಆದರೆ ಅದನ್ನು ವಾಪಸ್ ಹಾಕಿದರೆ ಫೋನ್ ಏಳುತ್ತದೆ. ಪ್ರತಿ ಅಪ್‌ಡೇಟ್ ಆದ ಮೇಲೆ ರೂಟ್ ಉಳಿದಿದೆಯಾ ನೋಡಿ, ಹೋಗಿದ್ದರೆ ಮತ್ತೆ ಇದೇ ಕೆಲಸ.

ಬೂಟ್‌ಲೋಡರ್ ಮತ್ತೆ ಲಾಕ್ ಮಾಡಿದರೆ ಬ್ಯಾಂಕ್ ಆ್ಯಪ್ ಓಡುತ್ತದೆ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಕಸ್ಟಮ್ ರಾಮ್ ಇದ್ದಾಗ ಈ ಫೋನಿನಲ್ಲಿ ಲಾಕ್ ಮಾಡಿದರೆ ಬ್ರಿಕ್ ಆಗುತ್ತದೆ, ಅಂದರೆ ಫೋನ್ ಏಳೋದೇ ಇಲ್ಲ.

ಫ್ಲ್ಯಾಶ್_ಬೆಂಗಳೂರು

ಇಷ್ಟೆಲ್ಲ ಓದಿದ ಮೇಲೆ ನಾನೂ ಒಪ್ಪುತ್ತೇನೆ. ನನ್ನದು ಎರಡನೇ ಫೋನ್, ಕೆಟ್ಟರೆ ಇನ್ನೊಂದಿದೆ. ಅಮ್ಮನೂ ಬಳಸುವ ಮುಖ್ಯ ಫೋನ್ ಅಂದಾಗ ಲೆಕ್ಕ ಬೇರೆ. ಲಿನಿಯೇಜ್ ಹಾಕಿ ಸಾಗರದವರೇ.

ಅಡಿಕೆತೋಟ_ಸಾಗರ

ಹತ್ತು ದಿನ ಆಯಿತು, ಬರೆಯೋಣ ಅಂತ ಬಂದೆ.

ಭಾನುವಾರ ಬೆಳಿಗ್ಗೆ ಕೂತೆ. ಮೊದಲು ದಾವಣಗೆರೆಯವರು ಹೇಳಿದ ಹಾಗೆ ಟಿಡಬ್ಲ್ಯುಆರ್‌ಪಿ ಹಾಕಿ ನೋಡಿದೆ, ಟಚ್ ಓಡಿತು. ಇಎಫ್ಎಸ್, ಪರ್ಸಿಸ್ಟ್ ಎರಡನ್ನೂ ಲ್ಯಾಪ್‌ಟಾಪ್‌ಗೂ ಪೆನ್‌ಡ್ರೈವ್‌ಗೂ ಹಾಕಿದೆ. ಆಮೇಲೆ ಲಿನಿಯೇಜ್‌ನದೇ ರಿಕವರಿ, ಫಾರ್ಮ್ಯಾಟ್, ಸೈಡ್‌ಲೋಡ್. ಸರಿಯಾಗಿ 47ಕ್ಕೆ ನಿಂತಿತು. ಕೈ ಕೇಬಲ್ ಹತ್ತಿರ ಹೋಗಿತ್ತು, ನಿಮ್ಮ ಮಾತು ನೆನಪಾಗಿ ಹಿಂದೆ ತಗೊಂಡೆ. ಫೋನಿನ ಸ್ಕ್ರೀನ್‌ನಲ್ಲಿ ನೋಡಿದರೆ ಎಲ್ಲ ಮುಗಿದಿತ್ತು. ಮೊದಲೇ ಗೊತ್ತಿಲ್ಲದಿದ್ದರೆ ಖಂಡಿತ ಕಿತ್ತುಬಿಡುತ್ತಿದ್ದೆ.

ಮೊದಲ ದಿನ ವೈಫೈ ಕಾಲಿಂಗ್ ಆಯ್ಕೆಯೇ ಕಾಣಿಸಲಿಲ್ಲ, ಹೊಟ್ಟೆಯಲ್ಲಿ ಕಲಸಿದ ಹಾಗಾಯಿತು. ಅಂಗಳಕ್ಕೆ ಹೋಗಿ ಸಿಗ್ನಲ್ ಇರುವ ಕಡೆ ಸಿಮ್ ತೆಗೆದು ಹಾಕಿ ರೀಸ್ಟಾರ್ಟ್ ಮಾಡಿದೆ, ವೋಲ್ಟಿ ಬಂತು, ಆಮೇಲೆ ಸಿಮ್ ಸೆಟಿಂಗ್ ಒಳಗೆ ವೈಫೈ ಕಾಲಿಂಗ್ ಕೂಡ ಬಂತು. ಒಳಗಿನ ಕೋಣೆಯಲ್ಲಿ, ಅಡಿಕೆ ಮೂಟೆ ಇಡುವ ಜಾಗದಲ್ಲಿ, ಏರ್‌ಪ್ಲೇನ್ ಮೋಡ್ ಹಾಕಿ ಬರೀ ವೈಫೈ ಆನ್ ಇಟ್ಟು ತಂಗಿಗೆ ಕರೆ ಮಾಡಿದೆ. ಹೋಯಿತು. ಅವಳು ವಾಪಸ್ ಮಾಡಿದಳು, ಬಂತು. ಮಾತಾಡುತ್ತಲೇ ಅಂಗಳಕ್ಕೆ ಬಂದಾಗ ಒಂದು ಸಲ ಕಡಿಯಿತು, ಮೂರು ಸಲ ಕಡಿಯಲಿಲ್ಲ. ಹಳೆಯ ಎಂಐಯುಐನಲ್ಲೂ ಹೀಗೇ ಇತ್ತು. ರಾತ್ರಿ ಮುಟ್ಟದೆ ಇಟ್ಟು ಬೆಳಿಗ್ಗೆ ಕರೆ ಮಾಡುವ ಪರೀಕ್ಷೆ ಮೂರು ದಿನ ಮಾಡಿದೆ, ಮೂರೂ ದಿನ ರಿಂಗ್ ಆಯಿತು.

ರೂಟ್ ಮಾಡಿಲ್ಲ. ಪ್ರೈವೇಟ್ ಡಿಎನ್ಎಸ್ ಹಾಕಿದೆ, ಸುದ್ದಿ ತಾಣಗಳೆಲ್ಲ ತಿಳಿಯಾಗಿವೆ. ಯುಪಿಐ ಆ್ಯಪ್ ಸುಮ್ನೆ ರಿಜಿಸ್ಟರ್ ಆಯಿತು. ಬ್ಯಾಂಕ್ ಆ್ಯಪ್ ಮಾತ್ರ ತೆರೆಯಲಿಲ್ಲ. ಅದನ್ನು ಹೆಂಡತಿಯ ಫೋನಿಗೆ ಹಾಕಿ, ಖಾತೆಗೆ ಕೊಟ್ಟಿದ್ದ ನಂಬರಿನ ಸಿಮ್ ಕೂಡ ಅಲ್ಲಿಗೇ ಸಾಗಿಸಿದೆ. ಚಾರ್ಜ್‌ಗೆ ಸದ್ಯಕ್ಕೆ ಒಂದು ಅಲಾರಂ ಆ್ಯಪ್ ಇಟ್ಟುಕೊಂಡಿದ್ದೇನೆ, 80 ಆದರೆ ಕೂಗುತ್ತದೆ, ಅಮ್ಮ ಬಂದು ಪಿನ್ ತೆಗೆಯುತ್ತಾರೆ.

ನಿನ್ನೆ ಮೊದಲ ಅಪ್‌ಡೇಟ್ ಬಂತು, ಫೋನಿನಲ್ಲೇ ಒತ್ತಿ ಹಾಕಿದೆ, ಗ್ಯಾಪ್ಸ್ ಸಮೇತ ಉಳಿಯಿತು. ಅದಾದ ಮೇಲೆ ಮತ್ತೆ ಒಳಕೋಣೆಗೆ ಹೋಗಿ ತಂಗಿಗೆ ಕರೆ ಮಾಡಿದೆ. ಹೋಯಿತು.